ಗಸ್ತಿನ ಗಡಿಯಾರ ಮತ್ತು ಕನ್ನಮ್ಮ

ಹೊಳೆಕೊಪ್ಪದ ಸಬ್‌ಜೈಲು ನಾರುತ್ತಿತ್ತು ಎಂದರೆ ಅದೇನು ದೊಡ್ಡ ಸುದ್ದಿಯಲ್ಲ. ಹದಿನೆಂಟು ಗಂಡಸರಿಗೆ ಎರಡು ಪಾಯಿಖಾನೆ, ಒಂದು ಬಾವಿ, ಬಿಸಿಲು ಬೀಳದ ಅಂಗಳ. ನಾರದೆ ಇನ್ನೇನು ಮಾಡೀತು? ಕನ್ನಮ್ಮನಿಗೆ ಆ ನಾತ ಒಂದೇ ವಾರದಲ್ಲಿ ಅಭ್ಯಾಸವಾಗಿಹೋಯಿತು. ಕೊನೆಯವರೆಗೂ ಅಭ್ಯಾಸವಾಗದೆ ಉಳಿದದ್ದು ಬೇರೆಯೇ. ಆಫೀಸಿನ ಕಪಾಟಿನಲ್ಲಿ ದಾರ ಕಟ್ಟಿ ಚೊಕ್ಕಟವಾಗಿ ಪೇರಿಸಿಟ್ಟಿದ್ದ ದುಂಡು ಕಾಗದಗಳು. ಈಗಲೂ ಅವಳೆದುರು ಯಾರಾದರೂ ‘ಕಾಗದದಲ್ಲಿ ಎಲ್ಲ ಸರಿಯಾಗಿದೆ’ ಎಂದರೆ ಸಾಕು, ಬಾಯಲ್ಲಿರುವ ಎಲೆಯಡಿಕೆ ಉಗಿದು ಎದ್ದುಹೋಗುತ್ತಾಳೆ.

ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ಬಸ್ಸು ಎರಡು ನಿಮಿಷ ನಿಂತು ಮುಂದೆ ಹೋಗುವ ಊರು ಹೊಳೆಕೊಪ್ಪ. ಕನ್ನಮ್ಮನ ಗಂಡ ಅಲ್ಲಿನ ಕಚೇರಿಯಲ್ಲಿ ಜವಾನನಾಗಿದ್ದವನು ಕಾಮಾಲೆಯಾಗಿ ತೀರಿಕೊಂಡ. ಆಗ ಅವಳಿಗೆ ಮೂವತ್ತೆರಡು. ಯಾರೋ ಪುಣ್ಯಾತ್ಮ ಅಧಿಕಾರಿ ಕನಿಕರಪಟ್ಟು ಸಬ್‌ಜೈಲಿನಲ್ಲಿ ಹೆಂಗಸರ ಕಾವಲಿಗೆ ಹಾಕಿಸಿದ. ಕೆಲಸವೆಂದರೆ ಇಷ್ಟೇ: ಹೆಣ್ಣು ಬಂದಿ ಬಂದಾಗ ಹೇಳಿಕಳಿಸುತ್ತಾರೆ, ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಕೋಣೆಯ ಮುಂದೆ ಕೂತಿರಬೇಕು. ಬಂದಿ ಇಲ್ಲದ ದಿನ ಆಫೀಸಿನ ಕಸ ಹೊಡೆಯಬೇಕು. ಸಂತೆಯ ದಿನ ರಜೆ. ಅವತ್ತು ಅವಳು ರಿಪ್ಪನ್‌ಪೇಟೆಗೆ ಹೋಗಿ ವೀಳ್ಯದೆಲೆ ಮಾರುತ್ತಿದ್ದಳು. ಕಳ್ಳಬಟ್ಟಿ ಕಾಯಿಸಿದವಳು, ಗಂಧದ ಚಕ್ಕೆ ಸೊಂಟಕ್ಕೆ ಕಟ್ಟಿಕೊಂಡು ಸಿಕ್ಕಿಬಿದ್ದವಳು, ಸವತಿಯ ಜುಟ್ಟು ಕಿತ್ತವಳು, ಹೀಗೆ ವರ್ಷಕ್ಕೆ ಐದಾರು ಜನ ಬರುತ್ತಿದ್ದರು. ಕನ್ನಮ್ಮ ಅವರ ತಲೆ ಬಾಚುತ್ತಿದ್ದಳು, ಹೇನು ತೆಗೆಯುತ್ತಿದ್ದಳು, ಬೈಯುತ್ತಿದ್ದಳು, ಬಿಡುಗಡೆಯಾಗಿ ಹೋಗುವಾಗ ಅವರಿಗಿಂತ ಜಾಸ್ತಿ ಅಳುತ್ತಿದ್ದಳು.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಜೈಲಿಗೆ ಗಸ್ತಿನ ಗಡಿಯಾರ ಬಂತು. ತೆಂಗಿನಕಾಯಿ ಗಾತ್ರದ ಭಾರದ ಯಂತ್ರ. ದಪ್ಪ ಚರ್ಮದ ಚೀಲದೊಳಗೆ ಕೂರಿಸಿ ಬೀಗ ಹಾಕಿ, ಹೆಗಲಿಗೆ ನೇತುಹಾಕಿಕೊಳ್ಳಲು ಪಟ್ಟಿ ಕೊಟ್ಟಿದ್ದರು. ಒಳಗೆ ಒಂದು ದುಂಡು ಕಾಗದ ತಿರುಗುತ್ತಿರುತ್ತದೆ. ಜೈಲಿನ ಐದು ಮೂಲೆಯಲ್ಲಿ ಐದು ಸಣ್ಣ ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಗೊಂದು ನಂಬರಿನ ಕೀಲಿ, ಕೀಲಿಗೊಂದು ಸರಪಳಿ. ಕನ್ನಮ್ಮ ಇಲ್ಲದ ಹೊತ್ತಿನಲ್ಲಿ, ಅಂದರೆ ಸಂಜೆ ಆರರಿಂದ ಬೆಳಗಿನವರೆಗೆ ಮತ್ತು ಅವಳ ರಜೆಯ ದಿನ ಇಡೀ ಹಗಲು, ವಾರ್ಡರ್ ಗಂಟೆಗೊಂದು ಸಲ ಐದೂ ಮೂಲೆಗೆ ನಡೆದುಹೋಗಿ, ಅಲ್ಲಿನ ಕೀಲಿಯನ್ನು ಗಡಿಯಾರದ ತೂತಿಗೆ ಹಾಕಿ ತಿರುಗಿಸಬೇಕು. ಆಗ ಆ ನಂಬರು ಆ ಹೊತ್ತಿನ ಎದುರಿಗೆ ಕಾಗದದ ಮೇಲೆ ಒತ್ತುತ್ತದೆ. ಎಲ್ಲಿ ಹೋದ, ಯಾವಾಗ ಹೋದ, ಎಲ್ಲಕ್ಕೂ ಸಾಕ್ಷಿ. ವಾರದ ಕಾಗದಗಳು ಜಿಲ್ಲಾ ಕೇಂದ್ರಕ್ಕೆ ಹೋಗಿ, ಸಾಹೇಬರ ಹಸಿರು ಮಸಿಯ ಸಹಿ ಹೊತ್ತು ವಾಪಸು ಬರುತ್ತಿದ್ದವು.

‘ಇನ್ಮೇಲೆ ನಿದ್ದೆ ಮಾಡೋ ಹಂಗಿಲ್ಲ ಕಣೋ ಜಟ್ಟಿಂಗಪ್ಪ, ಇದು ಸುಳ್ಳು ಹೇಳಲ್ಲ’ ಎಂದು ಹೆಡ್ ವಾರ್ಡರ್ ಮಂಜುನಾಥಪ್ಪ ತನ್ನ ಕೈಕೆಳಗಿನ ವಾರ್ಡರನಿಗೆ ಹೇಳಿದ. ಜಟ್ಟಿಂಗಪ್ಪನ ಮುಖ ಹರಳೆಣ್ಣೆ ಕುಡಿದಂತಾಯಿತು.

ತೊಡಕು ಬಂದದ್ದು ನಾಲ್ಕನೇ ಕೀಲಿಯಲ್ಲಿ. ಅದರ ಪೆಟ್ಟಿಗೆಯಿದ್ದ ಹೆಂಗಸರ ಕೋಣೆ ಜೈಲಿನ ಹಿಂಭಾಗದಲ್ಲಿ ಒಂಟಿಯಾಗಿತ್ತು. ಅದರ ಬಾಗಿಲ ಮುಂದೆಯೇ ಹಲಸಿನ ಮರದ ಬುಡದಲ್ಲಿ ಚೌಡಿಯ ಕಲ್ಲು. ಜೈಲು ಕಟ್ಟಿದವರಿಗೆ ಅವಳನ್ನು ಎಬ್ಬಿಸುವ ಧೈರ್ಯ ಸಾಲದೆ ಸುತ್ತಲೂ ಗೋಡೆ ಏರಿಸಿಬಿಟ್ಟಿದ್ದರು. ತಪ್ಪಿಲ್ಲದ ದೇವಿಗೂ ಜನ್ಮಪೂರ್ತಿ ಜೈಲಾಯಿತು. ದಿನಾ ಸಂಜೆ ಆ ಕಲ್ಲಿಗೆ ದೀಪ ಇಡುತ್ತಿದ್ದವಳು ಕನ್ನಮ್ಮ. ಗಡಿಯಾರ ಬಂದ ಎರಡನೇ ದಿನ ಜಟ್ಟಿಂಗಪ್ಪ ಚರ್ಮದ ಚೀಲ ನೇತುಹಾಕಿಕೊಂಡು ಕಟ್ಟೆಯ ಹತ್ತಿರ ಬರುವುದನ್ನು ಕಂಡು ಅವಳು ಹೌಹಾರಿದಳು.

‘ಎಂತ ಮಾರಾಯ, ಚರ್ಮ ತಗಂಡು ಅಮ್ಮನ ಕಟ್ಟೆ ಹತ್ರ ಬರ್ತೀಯಾ? ಅಲ್ಲೇ ನಿಂತ್ಕ. ಸುಮ್ನಿರ್ತಾಳೆ ಅಂತ ತಿಳ್ಕಂಡ್ಯಾ?’

ಚಪ್ಪಲಿಯಾದರೆ ಬಿಚ್ಚಿಡಬಹುದು. ಚೀಲಕ್ಕೆ ಬೀಗ, ಬೆಳಿಗ್ಗೆ ಕಾಗದ ಬದಲಿಸುವಾಗ ಬಿಟ್ಟರೆ ತೆಗೆಯಕೂಡದೆಂದು ಸಾಹೇಬರ ಆಜ್ಞೆ. ಮಂಜುನಾಥಪ್ಪ ತಲೆ ಕೆರೆದುಕೊಂಡ. ಅವನೂ ದೈವಭಕ್ತನೇ. ಅದಕ್ಕಿಂತ ಹೆಚ್ಚಾಗಿ, ನಾಲ್ಕನೇ ಕೀಲಿ ಆಫೀಸಿನಿಂದ ಬಲು ದೂರ. ಒಂದು ಕಾಯಿ ಒಡೆದು, ಅಮ್ಮನಿಗೆ ಕೈಮುಗಿದು, ಪೆಟ್ಟಿಗೆ ಸಮೇತ ನಾಲ್ಕನೇ ಕೀಲಿಯನ್ನು ಕಿತ್ತು ತಂದು ಆಫೀಸಿನ ಗೋಡೆಯ ಮೊಳೆಗೆ ತಗುಲಿಹಾಕಿದರು. ‘ಕೋಣೆಗೇನು, ಬರಿಗಾಲಲ್ಲಿ ಹೋಗಿ ನೋಡ್ಕಂಡು ಬರ್ತೀವಿ’ ಎಂದರು. ಕನ್ನಮ್ಮ ಸಮಾಧಾನದಿಂದ ಪ್ರಸಾದ ಹಂಚಿದಳು.

ಒಂದು ಕುರಿ ಹಳ್ಳಕ್ಕೆ ಬಿದ್ದರೆ ಉಳಿದವು ದಡದಲ್ಲಿ ನಿಲ್ಲುತ್ತವೆಯೇ? ಮಳೆಗಾಲ ಹಿಡಿಯಿತು, ಅಂಗಳದಲ್ಲಿ ಪಾಚಿ ಕಟ್ಟಿತು. ಜಾರಿಬೀಳುತ್ತೇನೆಂದು ಜಟ್ಟಿಂಗಪ್ಪ ಎರಡನೆಯದನ್ನು ತಂದ. ಬಾವಿಯ ಹತ್ತಿರ ಹಾವು ಕಂಡಿತು, ಐದನೆಯದೂ ಬಂತು. ದೀಪಾವಳಿಯ ಹೊತ್ತಿಗೆ ಐದೂ ಕೀಲಿಗಳು ಒಂದೇ ಮೊಳೆಯಲ್ಲಿ ಗೊಂಚಲಾಗಿ ತೂಗಾಡುತ್ತಿದ್ದವು. ಬೆಂಚಿನ ಮೇಲೆ ಕಾಲು ಚಾಚಿ ಮಲಗಿದವನು ಗಂಟೆಗೊಮ್ಮೆ ಕೈ ನೀಡಿ ಐದನ್ನೂ ಟಕಟಕ ತಿರುಗಿಸಿದರೆ ಗಸ್ತು ಮುಗಿಯಿತು. ಬರಿಗಾಲಲ್ಲಿ ಹೋಗಿ ನೋಡುವ ಮಾತು ಕಾಯಿಯ ನೀರಿನ ಜೊತೆಗೇ ಇಂಗಿಹೋಗಿತ್ತು. ಕಸ ಹೊಡೆಯುವಾಗ ಕನ್ನಮ್ಮ ಆ ಗೊಂಚಲು ನೋಡಿ ನಕ್ಕಳು. ನಕ್ಕದ್ದು ಸುಳ್ಳಲ್ಲ. ಗಂಡಸರ ಸೋಮಾರಿತನ ಹೊಸದೇ? ಅವಳು ನಗದೆ ಹೋಗಿದ್ದರೂ ಆಗುವುದೇನಿತ್ತು ಎಂದು ನೀವು ಕೇಳಬಹುದು. ಅವಳು ಮಾತ್ರ ಹಾಗೆ ಕೇಳಿಕೊಳ್ಳುವುದಿಲ್ಲ.

ಮಾರನೇ ವರ್ಷ ಅಚ್ಚುಕಟ್ಟಾದ ಗಸ್ತಿಗಾಗಿ ಹೊಳೆಕೊಪ್ಪಕ್ಕೆ ಜಿಲ್ಲೆಯಿಂದ ಮೆಚ್ಚುಗೆ ಪತ್ರ ಬಂತು. ಮಂಜುನಾಥಪ್ಪ ಅದಕ್ಕೆ ಕಟ್ಟು ಹಾಕಿಸಿ, ಕೀಲಿಗಳು ತೂಗುತ್ತಿದ್ದ ಅದೇ ಗೋಡೆಗೆ ಹೊಡೆದ. ನಾಚಿಕೆ ಎಂಬುದು ಕೆಲವರ ಮನೆಯ ದಾರಿಯನ್ನೇ ಮರೆತಿರುತ್ತದೆ.

ಎಂಬತ್ಮೂರನೇ ಇಸವಿಯ ಮಾಘದಲ್ಲಿ ತುಂಗಮ್ಮ ಬಂದಳು. ತೀರ್ಥಹಳ್ಳಿ ಕಡೆಯ ಗೌಡರ ಮನೆಯ ಹೆಂಗಸು, ಇಪ್ಪತ್ತೇಳು ವಯಸ್ಸು, ಗಂಡನಿಲ್ಲ, ಮಕ್ಕಳಿಲ್ಲ. ಅವಳ ಪಾಲಿನ ಗದ್ದೆಯ ಬದು ಕಡಿಯಲು ಬಂದ ಮೈದುನನ ಭುಜಕ್ಕೆ ಕತ್ತಿಯಿಂದ ಹೊಡೆದಿದ್ದಳು. ಅವನಿಗೆ ಆರು ಹೊಲಿಗೆ, ಇವಳಿಗೆ ಜೈಲು. ಜಾಮೀನಿನ ಅರ್ಜಿ ವಿಚಾರಣೆಗೆ ಬರಲು ಹನ್ನೊಂದು ದಿನವಿತ್ತು. ಜಾಮೀನು ನಿಲ್ಲಬೇಕಾದ ಮನೆಯವರೇ ಎದುರು ಪಕ್ಷದವರು. ಓಡಾಡಲು ಇದ್ದವಳು ಹುಂಚದ ಕಡೆಯಿಂದ ಬಂದ ಮುದಿ ತಾಯಿ ವರದಮ್ಮ ಒಬ್ಬಳೇ.

ಆ ವರದಮ್ಮ ಮೊದಲ ದಿನವೇ ಕನ್ನಮ್ಮನ ಕೈ ಹಿಡಿದುಕೊಂಡಳು. ಅವಳ ಸೆರಗಿನ ಗಂಟಿನಲ್ಲಿ ಮಾತ್ರೆಯ ಪೊಟ್ಟಣವಿತ್ತು.

‘ನನ್ನ ಮಗಳಿಗೆ ಮೂರ್ಛೆರೋಗ ಐತೆ ಕನ್ನಮ್ಮ. ರಾತ್ರಿ ಒಂದು ಮಾತ್ರೆ ಕೊಡ್ಬೇಕು. ಆದ್ರೂ ಒಂದೊಂದ್ಸಲ ಬಂದ್ಬಿಡುತ್ತೆ. ಬರೋಕ್ಮುಂಚೆ ಎರಡ್ಮೂರು ತಾಸು ಎಡಗೈ ಅದುರುತ್ತೆ, ಮಾತು ತೊದಲುತ್ತೆ. ಆವಾಗ ಹತ್ರ ಒಬ್ರು ಕೂತ್ರೆ ಸಾಕು. ಬಿದ್ದ ಕೂಡ್ಲೆ ಮಗ್ಗುಲಿಗೆ ತಿರುಗಿಸ್ಬೇಕು. ಬೋರಲು ಬಿದ್ರೆ ಉಸಿರು ಕಟ್ಟುತ್ತೆ. ಗಂಟೆಗೊಂದು ಸಲ ಯಾರಾದ್ರೂ ಮುಖ ನೋಡಿದ್ರೆ ನನ್ನ ಮಗಳು ಬದುಕ್ತಾಳೆ.’

ಕನ್ನಮ್ಮನ ಅಣ್ಣನಿಗೂ ಅದೇ ಕಾಯಿಲೆಯಿತ್ತು. ಅವಳಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಹಗಲು ತಾನಿದ್ದೇನೆ. ಆರು ಗಂಟೆಯ ಮೇಲೆ? ಅವಳ ಕಣ್ಣ ಮುಂದೆ ಮೊಳೆಯಲ್ಲಿ ತೂಗುವ ಗೊಂಚಲು ಬಂತು. ಈ ಸಲ ನಗು ಬರಲಿಲ್ಲ.

ಮೂರನೇ ದಿನ ಮಧ್ಯಾಹ್ನ ಒಮ್ಮೆ ತುಂಗಮ್ಮನ ಎಡಗೈ ಅದುರಿತು. ಕನ್ನಮ್ಮ ಪಕ್ಕದಲ್ಲೇ ಕೂತಳು. ಮೂರ್ಛೆ ಬಂದಾಗ ಮಗ್ಗುಲಿಗೆ ತಿರುಗಿಸಿ, ಬಾಯಿ ಒರೆಸಿ, ತಲೆ ತೊಡೆಯ ಮೇಲಿಟ್ಟುಕೊಂಡಳು. ಎಚ್ಚರವಾದ ಮೇಲೆ ತುಂಗಮ್ಮ ನಾಚಿಕೊಂಡು, ‘ಹೆದ್ರಿದ್ಯಾ ಕನ್ನಕ್ಕ?’ ಎಂದಳು. ‘ನಾನೆಂತಕ್ಕೆ ಹೆದರ್ಲಿ, ನೀನು ಮೈದುನಂಗೆ ಹೊಡ್ದಿದ್ದು ಕೇಳಿ ಹೆದರಿದ್ದೆ’ ಎಂದಳು ಕನ್ನಮ್ಮ. ಇಬ್ಬರೂ ನಕ್ಕರು.

ಅವತ್ತು ಸಂಜೆ ಅವಳು ಮಂಜುನಾಥಪ್ಪನ ಮೇಜಿನ ಮುಂದೆ ಹೋಗಿ ನಿಂತಳು. ರಾತ್ರಿ ತಾನೇ ಇಲ್ಲಿ ಮಲಗುತ್ತೇನೆ ಎಂದಳು. ಕಾನೂನಿಲ್ಲ ಎಂದ. ಹಾಗಾದರೆ ನಾಲ್ಕನೇ ಕೀಲಿಯನ್ನು ಅದರ ಜಾಗಕ್ಕೇ ಹಾಕಿ, ಕೀಲಿ ಅಲ್ಲಿದ್ದರೆ ಕಾಲು ಅಲ್ಲಿಗೆ ಹೋಗುತ್ತದೆ ಎಂದಳು.

‘ಅಲ್ಲ ಕನ್ನಮ್ಮ, ಚರ್ಮ ತಂದ್ರೆ ಚೌಡಿ ಸುಮ್ನಿರಲ್ಲ ಅಂದಿದ್ದು ಯಾರು? ನೀನೇ ಅಲ್ದಾ?’ ಮಂಜುನಾಥಪ್ಪನ ಮೀಸೆಯಡಿಯಲ್ಲಿ ನಗು ಆಡುತ್ತಿತ್ತು.

‘ನಾನು ಅಮ್ಮನ ಹತ್ರ ತಪ್ಪುಕಾಣಿಕೆ ಇಟ್ಟು ಬೇಡ್ಕಂಡಿದೀನಿ. ಅವಳು ಬ್ಯಾಡ ಅನ್ನಲ್ಲ. ಹೆಣ್ಣಲ್ವಾ ಅವಳು?’

‘ನಿನ್ನ ಕನಸಲ್ಲಿ ಬಂದು ಹೇಳಿದ್ಲಾ? ನನ್ನ ಕನಸಲ್ಲಿ ಬರ್ಲಿ, ಹಾಕಿಸ್ತೀನಿ’ ಎಂದು ಜಟ್ಟಿಂಗಪ್ಪ ಬೆಂಚಿನ ಮೇಲಿಂದಲೇ ಕೂಗಿದ. ಇಬ್ಬರೂ ಹೊಟ್ಟೆ ಕುಣಿಸಿ ನಕ್ಕರು. ತನ್ನ ಭಕ್ತಿಯ ಮಾತು ಆ ಬಾಯಿಗಳಲ್ಲಿ ಜಗಿದ ಎಲೆಯಂತೆ ಹೊರಳಾಡುವುದನ್ನು ಕೇಳಿ ಕನ್ನಮ್ಮ ಬೆನ್ನು ತಿರುಗಿಸಿ ಹೊರಟಳು. ಅವರ ಮೇಲೆ ಅಸಹ್ಯ, ಆ ಮಾತಾಡಿದ ತನ್ನ ನಾಲಿಗೆಯ ಮೇಲೆ ಇನ್ನೂ ಅಸಹ್ಯ.

ನಾಲ್ಕನೇ ದಿನ ಜಿಲ್ಲಾ ಕೇಂದ್ರದಿಂದ ಸಾಹೇಬರು ತಪಾಸಣೆಗೆ ಬಂದರು. ಕಾಫಿ ಕುಡಿದರು, ಬಾವಿ ಇಣುಕಿದರು, ಮೆಚ್ಚುಗೆ ಪತ್ರ ಓದಿ ತಲೆಯಾಡಿಸಿದರು. ಕನ್ನಮ್ಮ ಪೊರಕೆ ಕೆಳಗಿಟ್ಟು ಎದುರಿಗೆ ನಿಂತಳು. ಅವಳಿಗೆ ಅಕ್ಷರ ಬಾರದು. ಆದರೆ ನಾಲ್ಕು ವರ್ಷ ಆ ಕಪಾಟು ಒರೆಸಿದವಳು. ಗಡಿಯಾರ ಬಂದ ಮೊದಲ ವಾರದ ಕಾಗದ ಒಂದನ್ನೂ ನಿನ್ನೆಯ ಕಾಗದ ಒಂದನ್ನೂ ಎತ್ತಿ ಮೇಜಿನ ಮೇಲಿಟ್ಟಳು.

‘ಸ್ವಾಮಿ, ನಂಗೆ ಓದಕ್ಕೆ ಬರಲ್ಲ. ಇದ್ರಲ್ಲಿ ಐದು ಗುರುತೂ ಬಿಡಿಬಿಡಿಯಾಗಿ ಬಿದ್ದಾವೆ. ಆವಾಗ ಇವ್ರು ನಡೀತಿದ್ರು. ಇದ್ರಲ್ಲಿ ಐದೂ ಒಂದ್ರ ಮೇಲೊಂದು ಹತ್ತಿ ಕೂತಾವೆ. ಬಾವಿ ಹತ್ರದಿಂದ ಹೆಂಗಸ್ರ ಕೋಣೆಗೆ ಹೋಗಕ್ಕೇ ಎರಡು ನಿಮಿಷ ಬೇಕು. ಐದು ಜಾಗಕ್ಕೂ ಒಂದೇ ನಿಮಿಷದಾಗೆ ಹೋಗಕ್ಕೆ ಇವ್ರೇನು ಹಕ್ಕಿಗಳಾ? ಒಳಗೊಬ್ಳು ರೋಗದವಳು ಇದಾಳೆ ಸ್ವಾಮಿ. ರಾತ್ರಿ ಅವಳ ಮುಖ ನೋಡೋರಿಲ್ಲ.’

ಸಾಹೇಬರು ಕಾಗದಗಳನ್ನು ನೋಡಿದರು. ಕಪಾಟಿನಿಂದ ಇನ್ನೊಂದು ಕಟ್ಟು ತೆಗೆಸಿ ನೋಡಿದರು, ಮತ್ತೊಂದು ತೆಗೆಸಿದರು. ಎಲ್ಲದರಲ್ಲೂ ಐದು ಗುರುತುಗಳು ಒಂದೇ ಕಡೆ. ಎಲ್ಲದರ ಕೆಳಗೂ ಹಸಿರು ಮಸಿಯಲ್ಲಿ ಅವರದೇ ಸಹಿ. ಅವರ ಕಿವಿ ಕೆಂಪಾದದ್ದನ್ನು ಕನ್ನಮ್ಮ ಕಂಡಳು. ಅದು ಸಿಟ್ಟು ಎಂದುಕೊಂಡಳು ಪಾಪ.

‘ನೀನು ಹೇಳಿದ್ದು ಸರಿಯಾಗಿದೆಯಮ್ಮ. ನಾನು ಕ್ರಮ ತೆಗೆದುಕೊಳ್ಳುತ್ತೇನೆ. ನೀನು ಹೊರಗಿರು’ ಎಂದರು. ಬಾಗಿಲು ಹಾಕಿಕೊಂಡಿತು. ಅರ್ಧ ಗಂಟೆಯ ಮೇಲೆ ಮಂಜುನಾಥಪ್ಪ ಬೆವರು ಒರೆಸಿಕೊಳ್ಳುತ್ತ ಹೊರಬಂದ.

ಮಾರನೇ ಬೆಳಿಗ್ಗೆ ಗೋಡೆಯ ಮೊಳೆ ಖಾಲಿಯಿತ್ತು. ಹೆಂಗಸರ ಕೋಣೆಯ ಗೋಡೆಗೆ ಕಬ್ಬಿಣದ ಪೆಟ್ಟಿಗೆ ಮತ್ತೆ ಬಂದು ಕೂತಿತ್ತು, ಮುಚ್ಚಳಕ್ಕೆ ಹೊಸ ಬಣ್ಣ ಕೂಡ. ಕನ್ನಮ್ಮ ಕಸ ಹೊಡೆಯುವ ನೆಪದಲ್ಲಿ ಆ ದಿನದ ಕಾಗದ ನೋಡಿದಳು. ಗುರುತುಗಳು ಬಿಡಿಬಿಡಿಯಾಗಿ, ಸಮನಾಗಿ, ಮೊದಲ ವಾರಕ್ಕಿಂತ ಚೆಂದವಾಗಿ ಬಿದ್ದಿದ್ದವು. ಅವಳಿಗೆ ಕಣ್ಣಲ್ಲಿ ನೀರು ಬಂತು. ಚೌಡಿಗೆ ಕೈಮುಗಿದು, ‘ಚರ್ಮದ ವಾಸನೆ ಬಂದ್ರೆ ಮೂಗು ಮುಚ್ಕಳಮ್ಮ’ ಎಂದಳು. ತುಂಗಮ್ಮನನ್ನು ಕೇಳಿದಳು: ‘ರಾತ್ರಿ ಬಂದು ನೋಡಿದ್ರಾ?’

‘ಆ ಮಾತ್ರೆ ನುಂಗಿದ್ರೆ ನಂಗೆ ಲೋಕವೇ ಗೊತ್ತಾಗಲ್ಲ ಕನ್ನಕ್ಕ. ಬಂದಿರ್ಬೋದು’ ಎಂದಳು ತುಂಗಮ್ಮ.

ಮುಂದಿನ ಬೆಳಿಗ್ಗೆಯೂ ಕಾಗದ ಹಾಗೇ ಇತ್ತು. ಏಳನೇ ದಿನ ಸಂತೆ. ಕನ್ನಮ್ಮನಿಗೆ ಹೋಗಲೇ ಬೇಡವೇ ಎಂದಾಯಿತು. ಎಲೆ ಕೊಯ್ದಾಗಿತ್ತು, ಬಿಟ್ಟರೆ ಬಾಡುತ್ತಿತ್ತು. ಇನ್ನು ನಾಲ್ಕೇ ದಿನ, ಸಾಹೇಬರೇ ಹೇಳಿದ್ದಾರೆ, ಕಾಗದವೂ ಸರಿಯಾಗಿದೆ. ಇಷ್ಟನ್ನು ಹೇಳಿಕೊಂಡು ಅವಳು ಬೆಳಗಿನ ಬಸ್ಸು ಹತ್ತಿದಳು. ಸಂತೆಯಲ್ಲಿ ತುಂಗಮ್ಮನಿಗೆಂದು ಒಂದು ಡಜನ್ ಕೆಂಪು ಬಳೆಯ ಬೆಲೆ ಕೇಳಿ, ಗಂಡನಿಲ್ಲದವಳಿಗೆ ಬಳೆ ಕೊಟ್ಟರೆ ಏನಂದುಕೊಳ್ಳುತ್ತಾಳೋ ಎಂದು ಅನುಮಾನಿಸಿ, ಕೊನೆಗೆ ಬೆಂಡು ಬತ್ತಾಸು ಕಟ್ಟಿಸಿಕೊಂಡಳು.

ಮಾರನೇ ಬೆಳಿಗ್ಗೆ ಎಂಟಕ್ಕೆ ಬಂದು ಬೀಗ ತೆಗೆಸಿದಳು. ಬಾಗಿಲ ಕೆಳಗಿನ ಕಿಂಡಿಯಿಂದ ತಳ್ಳಿದ್ದ ಎರಡು ತಟ್ಟೆಗಳು ಅಕ್ಕಪಕ್ಕ ಇದ್ದವು. ಒಂದು ಹಿಂದಿನ ಮಧ್ಯಾಹ್ನದ್ದು, ಇನ್ನೊಂದು ರಾತ್ರಿಯದ್ದು. ಎರಡಕ್ಕೂ ಇರುವೆ ಮುತ್ತಿತ್ತು. ತುಂಗಮ್ಮ ಚಾಪೆಯ ಮೇಲೆ ಬೋರಲಾಗಿ ಬಿದ್ದಿದ್ದಳು. ಎಡಗೈ ಮೈಯಡಿಯಲ್ಲಿ ಸಿಕ್ಕಿಕೊಂಡಿತ್ತು. ಮೈ ಮರದ ಕೊರಡಾಗಿತ್ತು. ತಿರುಗಿಸಿದರೆ ಕೆನ್ನೆಯ ಮೇಲೆ ಚಾಪೆಯ ಗೆರೆಗಳು ಒತ್ತಿದ್ದವು.

ಕನ್ನಮ್ಮ ಹೊರಗೆ ಬಂದು ಗೋಡೆಯ ಮೇಲಿನ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಸರ್ಕಾರದ್ದು ಮುಟ್ಟಬಾರದು ಎಂದು ಅವಳು ಈವರೆಗೆ ಎತ್ತಿರಲಿಲ್ಲ. ಒಳಗೆ ಕೀಲಿಯಿರಲಿಲ್ಲ, ಸರಪಳಿಯಿರಲಿಲ್ಲ. ಕಣಜದ ಹುಳು ಮಣ್ಣಿನ ಗೂಡು ಕಟ್ಟಲು ಶುರುಮಾಡಿತ್ತು.

ಜಟ್ಟಿಂಗಪ್ಪ ಅವಳ ಹಿಂದೆ ಬಂದು ನಿಂತಿದ್ದ. ಅವನ ಮುಖದಲ್ಲಿ ರಕ್ತವಿರಲಿಲ್ಲ.

‘ಕೀಲಿ ಎಲ್ಲೈತೆ?’

‘ಮಂಜುನಾಥಪ್ಪೋರ ಮೇಜಿನ ಡ್ರಾಯರ್‌ನಾಗೆ’ ಎಂದ. ತನ್ನ ಮೇಲಿನ ಭಾರ ಇನ್ನೊಬ್ಬರ ಹೆಗಲಿಗೆ ದಾಟಿಸುವ ಆತುರದಲ್ಲಿ ಗಡಬಡಿಸಿ ಹೇಳಿದ: ‘ಸಾಹೇಬ್ರೇ ಹೇಳಿದ್ದು ಕನ್ನಕ್ಕ. ಐದೂ ಒಂದೇ ಸಲ ಒತ್ಬ್ಯಾಡಿ, ಆಡಿಟ್‌ನೋರು ನೋಡಿದ್ರೆ ಎಲ್ರಿಗೂ ತೊಂದ್ರೆ, ಒಂದೊಂದ್ರ ಮಧ್ಯ ಎರಡೆರಡು ನಿಮಿಷ ಬಿಡಿ ಅಂದ್ರು. ಅದ್ಕೇ ಅಂತ ಕೈಗಡಿಯಾರ ಬ್ಯಾರೆ ಕೊಟ್ಟು ಹೋದ್ರು.’

ಎರಡು ನಿಮಿಷ. ಸಾಹೇಬರಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಅದನ್ನು ಮೇಜಿನ ಮೇಲಿಟ್ಟು ತೋರಿಸಿಕೊಟ್ಟವಳು ಅವಳೇ. ಕಳ್ಳರಿಗೆ ತಮ್ಮ ಕನ್ನ ಎಲ್ಲಿ ಕಾಣುತ್ತದೆಂದು ಗೊತ್ತಿರಲಿಲ್ಲ. ಇವಳು ದೀಪ ಹಿಡಿದು ತೋರಿಸಿದಳು, ಅವರು ಅಚ್ಚುಕಟ್ಟಾಗಿ ಮುಚ್ಚಿದರು. ಆಮೇಲೆ ಆ ಗಾರೆ ಮೆತ್ತಿದ ಗೋಡೆಯನ್ನು ನಂಬಿ ಇವಳೇ ಸಂತೆಗೆ ಹೋದಳು. ಕನ್ನಮ್ಮ ಹಲಸಿನ ಮರ ಹಿಡಿದುಕೊಂಡು ವಾಂತಿ ಮಾಡಿದಳು.

ವಿಚಾರಣೆಗೆ ಬಂದವರು ಯಾರೆಂದುಕೊಂಡಿರಿ? ಅದೇ ಸಾಹೇಬರು. ಜೊತೆಗೆ ಸಾಗರದ ಕಡೆಯವನಾದ ಗುಮಾಸ್ತ ಮಹಾಗಣಪತಿ, ಮುತ್ತಿನಂಥ ಅಕ್ಷರದವನು. ಸಂತೆಯ ದಿನದ ಕಾಗದವನ್ನು ಎಲ್ಲರೆದುರು ಗಡಿಯಾರದಿಂದ ತೆಗೆದರು. ಹನ್ನೆರಡು ಗಂಟೆ ಆರು ನಿಮಿಷಕ್ಕೆ ನಾಲ್ಕನೇ ಕೀಲಿ. ಒಂದು ಗಂಟೆ ಆರು ನಿಮಿಷಕ್ಕೆ ನಾಲ್ಕನೇ ಕೀಲಿ. ಸಂಜೆಯವರೆಗೂ, ರಾತ್ರಿಯಿಡೀ, ಬೆಳಗಿನವರೆಗೂ ಅದೇ. ಒಂದು ನಿಮಿಷದ ಲೋಪವಿಲ್ಲ.

ಕನ್ನಮ್ಮ ಪೆಟ್ಟಿಗೆ ಖಾಲಿಯಿದ್ದದ್ದನ್ನು ಹೇಳಿದಳು. ಸಾಹೇಬರು ಹೋಗಿ ನೋಡುವಷ್ಟರಲ್ಲಿ ಪೆಟ್ಟಿಗೆಯಲ್ಲಿ ಕೀಲಿಯಿತ್ತು, ಸರಪಳಿಯೂ ಇತ್ತು. ಎರಡು ತಟ್ಟೆಗಳ ವಿಷಯ ಹೇಳಿದಳು. ಮಹಾಗಣಪತಿ ಬರೆದದ್ದನ್ನು ಓದಿಹೇಳಿದ: ‘ಬಂದಿಗೆ ಎರಡು ಹೊತ್ತೂ ತಪ್ಪದೆ ಊಟ ಒದಗಿಸಲಾಗಿರುತ್ತದೆ. ಪ್ರತಿ ಗಂಟೆಗೂ ಪರಿಶೀಲಿಸಲಾಗಿರುತ್ತದೆ. ಬಂದಿಯು ನಿದ್ರಿಸುತ್ತಿರುವಂತೆ ಕಂಡುಬಂದಿರುತ್ತದೆ.’

‘ಅದು ಸುಳ್ಳು’ ಎಂದಳು ಕನ್ನಮ್ಮ. ‘ಎರಡು ನಿಮಿಷ ಬಿಡ್ಬೇಕು ಅಂತ ಇವ್ರಿಗೆ ಕಲಿಸಿದ್ದು ನೀವು. ನಿಮಗೆ ತೋರ್ಸಿದ್ದು ನಾನು. ಅದನ್ನ ಬರ್ಕಳಿ. ನನ್ನ ತಪ್ಪೂ ಬರ್ಕಳಿ.’

ಮಹಾಗಣಪತಿಯ ಲೇಖನಿ ನಿಂತಿತು. ಅವನು ಸಾಹೇಬರ ಮುಖ ನೋಡಿದ. ಸಾಹೇಬರು ಕಿಟಕಿಯ ಹೊರಗೆ ನೋಡುತ್ತ, ‘ದುಃಖದಲ್ಲಿದ್ದಾಳೆ’ ಎಂದರು. ಅದನ್ನೂ ಬರೆಯಲಿಲ್ಲ. ಹೆಬ್ಬೆಟ್ಟು ಒತ್ತು ಎಂದು ಶಾಯಿಯ ಡಬ್ಬಿ ಮುಂದೆ ಸರಿಸಿದರು. ಅವಳು ಕೈ ಸೆರಗಿನೊಳಗೆ ಕಟ್ಟಿಕೊಂಡು ಎದ್ದಳು. ಯಾರೂ ಒತ್ತಾಯ ಮಾಡಲಿಲ್ಲ. ಅವಳ ಹೆಬ್ಬೆಟ್ಟಿಲ್ಲದೆಯೂ ಕಡತ ಪೂರ್ತಿಯಾಗಿತ್ತು.

ಮಧ್ಯಾಹ್ನ ವರದಮ್ಮ ಬಂದಳು. ಯಾರೋ ಪುಣ್ಯಕ್ಕೆ ಜಾಮೀನು ನಿಲ್ಲಲು ಒಪ್ಪಿದ್ದರಂತೆ. ಆ ಸುದ್ದಿ ಮಗಳಿಗೆ ಹೇಳಲೆಂದು ಬಸ್ಸು ಹತ್ತಿದವಳಿಗೆ ಇಳಿದ ಮೇಲೆ ಈ ಸುದ್ದಿ ಸಿಕ್ಕಿತ್ತು. ಅತ್ತು ಅತ್ತು ದನಿ ಹೋಗಿತ್ತು. ಹೆಣ ಒಪ್ಪಿಸುವ ಮುನ್ನ ಮಂಜುನಾಥಪ್ಪ ಅವಳನ್ನು ಬೆಂಚಿನ ಮೇಲೆ ಕೂರಿಸಿ ಆ ದುಂಡು ಕಾಗದವನ್ನು ಅವಳ ಮುಂದೆ ಹಿಡಿದ. ಅವನ ದನಿಯಲ್ಲಿ ಬೆಣ್ಣೆ ಕರಗುತ್ತಿತ್ತು.

‘ನೋಡಿ ತಾಯಿ, ಇದು ಯಂತ್ರ ಒತ್ತಿದ್ದು, ಮನುಷ್ಯರು ಬರ್ದಿದ್ದಲ್ಲ. ಗಂಟೆಗೊಂದು ಸಲ ನಿಮ್ಮ ಮಗಳನ್ನ ಹೋಗಿ ನೋಡಿದಾರೆ. ಈ ಜಟ್ಟಿಂಗಪ್ಪನೇ ನೋಡಿದ್ದು. ಆಯಸ್ಸು ಅಷ್ಟೇ ಇತ್ತು, ನಾವೆಂತ ಮಾಡಕ್ಕಾಗುತ್ತೆ?’

ವರದಮ್ಮ ಬೆರಳಿನಿಂದ ಆ ಗುರುತುಗಳನ್ನು ಒಂದೊಂದಾಗಿ ಮುಟ್ಟಿದಳು. ಮುಟ್ಟುತ್ತ ಮುಟ್ಟುತ್ತ ಅವಳ ಅಳು ಸ್ವಲ್ಪ ತಗ್ಗಿತು. ಎದ್ದು ಜಟ್ಟಿಂಗಪ್ಪನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು.

‘ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗಾ. ನಮ್ಮನೇಲಿದ್ರೂ ಇಷ್ಟು ಸಲ ಯಾರು ನೋಡ್ತಿದ್ರು?’

ಜಟ್ಟಿಂಗಪ್ಪ ಕೈ ಬಿಡಿಸಿಕೊಳ್ಳಲಿಲ್ಲ. ನೆಲ ನೋಡುತ್ತ ನಿಂತ, ಆ ಹರಕೆಯನ್ನು ಪೂರ್ತಿ ಇಸಿದುಕೊಂಡ. ಹೊಲಸು ತಿನ್ನುವ ಪ್ರಾಣಿಗಳನ್ನು ಕನ್ನಮ್ಮ ಕಂಡಿದ್ದಳು. ಈ ತಿನ್ನುವಿಕೆಯನ್ನು ಅವಳಿಗೆ ನೋಡಲಾಗಲಿಲ್ಲ. ಮುದುಕಿಗೆ ಇರುವುದು ಇದೊಂದೇ ಸಮಾಧಾನ ಎಂಬುದು ಅವಳಿಗೂ ಗೊತ್ತಿತ್ತು. ಸುಮ್ಮನಿದ್ದರೆ ವರದಮ್ಮ ಅದನ್ನು ಸೆರಗಿಗೆ ಕಟ್ಟಿಕೊಂಡು ಹುಂಚದ ಬಸ್ಸು ಹತ್ತುತ್ತಾಳೆ, ಸಾಯುವವರೆಗೆ ಇವರಿಗೆ ಹರಸುತ್ತಾಳೆ. ಅದೇ ಸಹಿಸಲಾಗಲಿಲ್ಲ.

‘ಅವನ ಕೈ ಬಿಡಿ ಅಮ್ಮ’ ಎಂದಳು. ‘ಇವರ‍್ಯಾರೂ ನೋಡ್ಲಿಲ್ಲ. ಇಲ್ಲೇ ಬೆಂಚಿನ ಮೇಲೆ ಕೂತು ಒತ್ತಿದ್ದು ಅದು. ಒಂದು ಸಲನೂ ಯಾರೂ ಹೋಗಿ ನೋಡ್ಲಿಲ್ಲ.’

ವರದಮ್ಮ ಜಟ್ಟಿಂಗಪ್ಪನ ಕೈ ಬಿಟ್ಟಳು. ಅವನ ಕಡೆಗಾಗಲಿ ಮಂಜುನಾಥಪ್ಪನ ಕಡೆಗಾಗಲಿ ತಿರುಗಲಿಲ್ಲ. ಕನ್ನಮ್ಮನನ್ನೇ ನೋಡಿದಳು. ಅವಳು ಮೊದಲ ದಿನ ಮಗಳನ್ನು ಒಪ್ಪಿಸಿದ್ದು ಇವರಿಗಲ್ಲವಲ್ಲ.

‘ಹಂಗಾರೆ ನೀನೆಲ್ಲಿದ್ದೆ?’ ಎಂದು ಕೇಳಿದಳು.

ಕನ್ನಮ್ಮನ ಬಳಿ ಉತ್ತರಗಳು ಬೇಕಾದಷ್ಟಿದ್ದವು. ರಜೆಯ ದಿನ, ಕಾನೂನು, ಸಾಹೇಬರ ಮಾತು, ಕಾಗದದ ಗುರುತು. ಎಲ್ಲವೂ ನಿಜವೇ. ಬಾಯಿ ತೆರೆದಾಗ ಅವು ಒಂದೊಂದೂ ಆ ಕಪಾಟಿನ ವಾಸನೆ ಹೊಡೆದವು.

‘ಸಂತೇಲಿದ್ದೆ ಅಮ್ಮ’ ಎಂದಳು.